ಕಿವುಡತ್ತೆಯ ಕೆಳಗಿನ ಅಡ್ಡಗೆರೆ

ಮಾರ್ಚ್ ೩, ಸೋಮವಾರ

ನಿವೃತ್ತನಾಗಿ ಇವತ್ತಿಗೆ ಮೂವತ್ತೊಂದು ದಿನ. ಬೆಳಿಗ್ಗೆಯಿಂದ ಅಡುಗೆಮನೆಯ ನಲ್ಲಿಯನ್ನು ಎರಡು ಸಲ ಬಿಚ್ಚಿ ಎರಡು ಸಲ ಕೂಡಿಸಿದೆ. ಮೊದಲು ಸೋರುತ್ತಿರಲಿಲ್ಲ. ಬಿಚ್ಚಿದ ಮೇಲೆ ಸೋರತೊಡಗಿತು. ಇವಳು, ನನ್ನ ಹೆಂಡತಿ, ಆಸ್ಪತ್ರೆಯಲ್ಲಿ ನರ್ಸು, ಇನ್ನೂ ಮೂರು ವರ್ಷ ಕೆಲಸವಿದೆ. ಬಂದವಳೇ ನಲ್ಲಿ ನೋಡಿದಳು, ನನ್ನನ್ನು ನೋಡಿದಳು. "ರೀ, ಕೈ ಸುಮ್ನಿರಲ್ಲ ಅಂದ್ರೆ ಏನಾದ್ರೂ ಬರ್ಕೊಂಡು ಕೂತ್ಕೊಳ್ಳಿ. ನನ್ನ ತಲೇನೂ ತಿನ್ಬೇಡಿ, ನಲ್ಲೀನೂ ತಿನ್ಬೇಡಿ" ಎಂದು ಈ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು.

ಬರೆಯುವುದಕ್ಕೆ ಏನಿದೆ? ಮೂವತ್ತೇಳು ವರ್ಷ ನೀರು ಸರಬರಾಜು ಕಚೇರಿಯಲ್ಲಿ ಊರಿನ ಕೊಳವೆಗಳ ನಕ್ಷೆ ಬರೆದೆ. ಯಾವ ರಸ್ತೆಯ ಕೆಳಗೆ ಯಾವ ಗಾತ್ರದ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ. ಕೇಳುವವರಿಲ್ಲ, ಅಷ್ಟೇ.

ಮಧ್ಯಾಹ್ನ ಅಣ್ಣ ಫೋನ್ ಮಾಡಿದ್ದ. ಏಪ್ರಿಲ್ ಆರಕ್ಕೆ ಮನೆತನದವರೆಲ್ಲ ಒಂದು ಕಡೆ ಸೇರಬೇಕಂತೆ, ಗೋಡೆಗೆ ಹಾಕಲು ವಂಶವೃಕ್ಷ ಬೇಕಂತೆ. "ನೀನು ಗೆರೆ ಎಳೆಯೋನಲ್ವೇನೋ, ನೀನೇ ಎಳಿ. ಸತ್ತೋರು, ಬದುಕಿರೋರು, ಒಬ್ರೂ ಬಿಟ್ಟುಹೋಗ್ಬಾರ್ದು." ಬೇಕಾದ ಮಾಹಿತಿಗೆ ತನ್ನ ಮಗಳು ಪುಟ್ಟಿಯನ್ನು ಕೇಳು ಎಂದ. ನಲವತ್ತೊಂದು ವರ್ಷವಾದರೂ ನಮಗೆಲ್ಲ ಅವಳು ಪುಟ್ಟಿಯೇ. ಅವಳಿಗೇನು, ಒಂಟಿ ಜೀವ, ಸಮಯಕ್ಕೆ ಬರವಿಲ್ಲ. ಕೇಳಿದರಾಯಿತು.

ಮಾರ್ಚ್ ೫, ಬುಧವಾರ

ಎಷ್ಟೋ ದಿನಗಳ ಮೇಲೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ದೊಡ್ಡ ಹಾಳೆ ಹಾಸಿ, ಪೆನ್ಸಿಲು ಕೆತ್ತಿ, ಮುತ್ತಜ್ಜನಿಂದ ಶುರು ಮಾಡಿದೆ. ಒಬ್ಬೊಬ್ಬರಿಗೆ ಒಂದೊಂದು ಚೌಕ. ಚೌಕದಿಂದ ಕೆಳಕ್ಕೆ ಗೆರೆ, ಗೆರೆಯಿಂದ ಕವಲು, ಕವಲಿಗೆ ಮಕ್ಕಳು. ಮೂರು ತಲೆಮಾರು ಮುಗಿಯುವ ಹೊತ್ತಿಗೆ ಊಟಕ್ಕೆ ಕರೆದದ್ದೂ ಕೇಳಿಸಿರಲಿಲ್ಲ. "ನಿಮ್ಮ ಕಿವುಡತ್ತೆ ನಿಮ್ಮ ಮೈಮೇಲೆ ಬಂದ್ರಾ?" ಎಂದು ಇವಳು ನಕ್ಕಳು.

ಕಿವುಡತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾಗಲಿಲ್ಲ, ಕೊನೆಯವರೆಗೂ ನಮ್ಮ ಮನೆಯಲ್ಲೇ ಇದ್ದಳು. ಹೋಗಿ ಇಪ್ಪತ್ತೆರಡು ವರ್ಷವಾಯಿತು. ಅವಳಿಗೂ ಒಂದು ಚೌಕ ಹಾಕಿದೆ.

ಮಾರ್ಚ್ ೮, ಶನಿವಾರ

ಪುಟ್ಟಿ ಬಂದಿದ್ದಳು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು, ಬಂದ ಕೂಡಲೇ ನನ್ನ ಕನ್ನಡಕ ಕಿತ್ತುಕೊಂಡು ಒರೆಸಿ ಕೊಡುವುದು ಅವಳ ಪದ್ಧತಿ. ಈ ಮನೆತನದಲ್ಲಿ ನನ್ನ ಹರಟೆಯನ್ನು ಪೂರ್ತಿ ಕೇಳುವವಳು ಅವಳೊಬ್ಬಳೇ. ಹಾಳೆ ನೋಡಿ ಖುಷಿಪಟ್ಟಳು, ಎರಡು ಇಸವಿ ತಿದ್ದಿಸಿದಳು. ಆಮೇಲೆ ಬೆರಳು ಒಂದು ಕಡೆ ನಿಂತಿತು.

"ಇದೇನು ಚಿಕ್ಕಪ್ಪ, ಕಿವುಡಜ್ಜಿ ಕೆಳಗೆ ಸಣ್ಣದೊಂದು ಅಡ್ಡಗೆರೆ?"

ನೋಡಿದೆ. ಹೌದು, ಚೌಕದಿಂದ ಅರ್ಧ ಇಂಚು ಗೆರೆ ಇಳಿದಿದೆ, ಅದರ ತುದಿಗೆ ಅಡ್ಡಗೆರೆ ಬಿದ್ದಿದೆ. ಎಳೆದ ನೆನಪೇ ಇಲ್ಲ. ಕಚೇರಿಯ ಅಭ್ಯಾಸ. "ಓ ಅದಾ? ಮುಂದೆ ಹೋಗದ ಕೊಳವೆಗೆ ನಾವು ಹಾಗೆ ಗುರುತು ಹಾಕ್ತೀವಿ. ಅಲ್ಲಿಗೆ ಮುಚ್ಚಿದೆ, ಮುಂದೆ ಏನೂ ಇಲ್ಲ ಅಂತ" ಎಂದೆ. ನನ್ನ ಕಸುಬಿನ ಗುಟ್ಟು ಹೇಳುವಾಗ ನನಗೆ ಯಾವಾಗಲೂ ಒಂದು ಹುರುಪು.

ಅವಳ ಬೆರಳು ಕೆಳಗಿಳಿಯಿತು. ಇನ್ನೆರಡು ತಲೆಮಾರು ಕೆಳಗೆ, ಬಲಗಡೆ, ಅವಳದೇ ಚೌಕ. ಅದರ ಕೆಳಗೂ ಅದೇ ಗೆರೆ.

ಬೆರಳು ತೆಗೆದು, "ಕಿವುಡಜ್ಜಿ ಏನು ಕೆಲಸ ಮಾಡ್ತಿದ್ರು, ಹೇಳಿ ನೋಡೋಣ" ಎಂದಳು.

"ಪಿಂಗಾಣಿ ಕಾರ್ಖಾನೆಗೆ ಹೋಗ್ತಿದ್ದಳು."

"ಹೋಗಿ ಏನು ಮಾಡ್ತಿದ್ರು?"

ನನಗೆ ಗೊತ್ತಿರಲಿಲ್ಲ. ಅವಳು ಚೀಲ ತೆಗೆದುಕೊಂಡು ಹೊರಟಳು. ಚಹಾ ಮೇಜಿನ ಮೇಲೇ ಉಳಿಯಿತು.

ಮಾರ್ಚ್ ೯, ಭಾನುವಾರ

ಅಡ್ಡಗೆರೆಗಳನ್ನು ಅಳಿಸಿದೆ. ರಬ್ಬರು ಉಜ್ಜಿದ ಕಡೆ ಹಾಳೆ ಮಬ್ಬಾಗಿದೆ. ಅಷ್ಟಕ್ಕೇ ಸಿಟ್ಟು ಮಾಡಿಕೊಳ್ಳುವುದೇ? ಬೇಕೆಂದು ಎಳೆದೆನೇ? ನಕ್ಷೆ ಓದಲು ಬರದವರಿಗೆ ನಕ್ಷೆ ತೋರಿಸಲೇಬಾರದು. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

ಮಾರ್ಚ್ ೧೨, ಬುಧವಾರ

ಅವಳ ಪ್ರಶ್ನೆ ಕಾಲಿಗೆ ಚುಚ್ಚಿದ ಮುಳ್ಳಾಗಿದೆ. ಹೋಗಿ ಏನು ಮಾಡುತ್ತಿದ್ದಳು? ಅಣ್ಣನಿಗೆ ಫೋನ್ ಮಾಡಿದೆ. "ಏನೋ ಪ್ಯಾಕಿಂಗೋ ಏನೋ" ಎಂದ. ದೂರದ ಊರಿನಲ್ಲಿರುವ ಅಕ್ಕನಿಗೆ ಮಾಡಿದೆ. "ಪಾಪ ಕಿವುಡಿ, ಏನು ಮಾಡ್ತಿದ್ದಳೋ, ಗುಡಿಸೋಕೆ ಇಟ್ಕೊಂಡಿದ್ರೇನೋ" ಎಂದಳು. ನನ್ನ ನೆನಪನ್ನೇ ಕೆದಕಿದರೆ ಸಿಗುವುದು ಇಷ್ಟು. ತೆಳ್ಳಗೆ ಉದ್ದಕ್ಕೆ ಇದ್ದಳು. ನಡೆದರೆ ಸದ್ದಾಗುತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ಭುಜ ಮುಟ್ಟಬೇಕಿತ್ತು. ಗುರುವಾರ ಕೆಲಸದಿಂದ ತಡವಾಗಿ ಬರುತ್ತಿದ್ದಳು. ಅಷ್ಟೇ. ಒಂದೇ ಸೂರಿನಡಿ ಮೂವತ್ತು ವರ್ಷ ಇದ್ದವಳ ಬಗ್ಗೆ ನಾಲ್ಕು ಸಾಲು. ಊರಿನ ಒಂದು ಕೊಳವೆಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆದಿಟ್ಟಿದ್ದೇನೆ.

ಕೂತಲ್ಲಿ ಕೂರಲಾಗುತ್ತಿಲ್ಲ. ಸಂಜೆ ಬೀದಿಯ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ನಡೆದೆ. ಎದುರುಮನೆಯ ದರ್ಜಿ, "ಏನು ಸಾರ್, ಕಳೆದುಹೋಯ್ತಾ ಏನಾದ್ರೂ?" ಎಂದು ಕೇಳಿದ.

ಮಾರ್ಚ್ ೧೫, ಶನಿವಾರ

ಇವತ್ತು ಎರಡು ಬಸ್ಸು ಬದಲಿಸಿ ಪಿಂಗಾಣಿ ಕಾರ್ಖಾನೆಗೆ ಹೋದೆ. ಕಾರ್ಖಾನೆ ಮುಚ್ಚಿ ಯಾವ ಕಾಲವಾಯಿತೋ, ಈಗ ಅಲ್ಲಿ ಮಂಚ, ಬೀರುಗಳ ಗೋದಾಮು. ಕಾವಲುಗಾರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಳೇ ಕಾರ್ಖಾನೆಯವರು ಬೇಕಾ? ಮೂಲೇಲಿ ಚಪ್ಪಲಿ ಅಂಗಡಿ ಇದೆಯಲ್ಲ, ಅದರ ಮೇಲ್ಗಡೆ ಒಬ್ಬ ಅಜ್ಜಿ ಇದ್ದಾರೆ" ಎಂದ.

ಅಜ್ಜಿಗೆ ಎಂಬತ್ತನಾಲ್ಕು. ಮಂಡಿ ಸರಿಯಿಲ್ಲ, ನಾಲಗೆ ಸರಿಯಾಗಿದೆ. ನಾನು ಇಂಥವಳ ತಮ್ಮನ ಮಗ ಎಂದ ಕೂಡಲೇ ಅವರ ಮುಖ ಅರಳಿತು. "ಅಯ್ಯೋ, ನೀನೇನಪ್ಪಾ ಆ ಚಿಕ್ಕೋನು! ನಿನ್ನ ಜ್ವರ, ನಿನ್ನ ಹಲ್ಲು, ನಿನ್ನ ಪರೀಕ್ಷೆ, ಎಲ್ಲಾ ಕೇಳಿ ಕೇಳಿ ನಮಗೆ ಸಾಕಾಗಿತ್ತು ಕಣಪ್ಪ" ಎಂದರು. ಅತ್ತೆ ಅಲ್ಲಿ ಏನು ಕೆಲಸ ಮಾಡುತ್ತಿದ್ದಳು ಎಂದು ಕೇಳಿದೆ.

ಅವರು ಬಾಯಲ್ಲಿ ಹೇಳಲಿಲ್ಲ. ಕಪಾಟು ತೆಗೆಸಿ ನನ್ನಿಂದಲೇ ನಾಲ್ಕು ಬಟ್ಟಲು ಇಳಿಸಿ ಸಾಲಾಗಿ ಬೋರಲು ಹಾಕಿಸಿದರು. ಮೊಮ್ಮಗಳ ಪೆನ್ಸಿಲಿನಿಂದ ಒಂದೊಂದನ್ನೇ ತಟ್ಟಿದರು. ಟಿಣ್, ಟಿಣ್, ಟಿಣ್, ಟಿಣ್. "ಯಾವುದು ಒಡೆದಿದೆ, ಹೇಳು" ಎಂದರು. ನನಗೆ ನಾಲ್ಕೂ ಒಂದೇ. "ಮೂರನೇದು" ಎಂದು ಅದನ್ನು ನೆಟ್ಟಗೆ ಇಡಿಸಿ ಬಿಸಿನೀರು ಹೊಯ್ಯಿಸಿದರು. ನೋಡುತ್ತಿದ್ದಂತೆ ಹೊರಗಡೆ ಕೂದಲೆಳೆಯಷ್ಟು ತೇವ ಮೂಡಿತು. ಮೂವತ್ತೇಳು ವರ್ಷ ನೀರಿನ ಕೊಳವೆಗಳ ಜೊತೆ ಕಳೆದವನು ನಾನು, ನಾಚಿಕೆಯಾಯಿತು.

"ಸುಡೋ ಗೂಡಿನಿಂದ ಬಂದ ಪ್ರತಿ ಕಪ್ಪೂ ನಿಮ್ಮತ್ತೆ ಮುಂದೆ ಹೋಗ್ಬೇಕಿತ್ತು. ಒಂದು ಸಣ್ಣ ಮರದ ಕೋಲು ಇಟ್ಕೊಂಡು ತಟ್ತಿದ್ದಳು. ಕಪ್ಪಿನ ಮುಖಾನೂ ನೋಡ್ತಿರ್ಲಿಲ್ಲ, ಬರೀ ಕಿವಿ. ಇದು ಒಳಗೆ, ಇದು ಹೊರಗೆ. ನಮ್ಮಲ್ಲಿ ಜಗಳ ಬಂದ್ರೆ ಮೇಸ್ತ್ರಿ ಕಪ್ ತಗೊಂಡು ಅವಳ ಹತ್ರಾನೇ ಓಡೋನು. ಅಂಥ ಕಿವಿ ನಾನು ಇನ್ನೊಂದು ನೋಡ್ಲಿಲ್ಲ."

ನಾನು, "ಅಜ್ಜೀ, ನೀವು ಬೇರೆ ಯಾರನ್ನೋ ಹೇಳ್ತಿದ್ದೀರಿ. ನಮ್ಮತ್ತೆಗೆ ಕಿವಿ ಕೇಳ್ತಿರ್ಲಿಲ್ಲ" ಎಂದೆ.

ಅಜ್ಜಿ ಕೆಮ್ಮು ಬರುವಷ್ಟು ನಕ್ಕರು. ನನ್ನ ಮುಖ ನೋಡಿ ಆಮೇಲೆ ನಿಲ್ಲಿಸಿದರು.

ಮಾರ್ಚ್ ೧೬, ಭಾನುವಾರ

ಹಾಗಾದರೆ ಅವಳಿಗೆ ಕೇಳಿಸುತ್ತಿತ್ತು.

ಮಾರ್ಚ್ ೧೮, ಮಂಗಳವಾರ

ಎರಡು ದಿನದಿಂದ ಅನ್ನ ಸೇರುತ್ತಿಲ್ಲ. ಇವಳು ಜ್ವರ ನೋಡಿದಳು, ರಕ್ತದೊತ್ತಡ ನೋಡಿದಳು, ಎಲ್ಲ ಸರಿಯಿದೆ ಎಂದಳು. ಸರಿಯಿಲ್ಲ ಎಂದು ನನಗೆ ಗೊತ್ತು.

ಅವಳ ಎದುರಿಗೇ ನಾವು ಏನೇನು ಮಾತಾಡಿದ್ದೇವೆ! ಅವಳಿಗೆ ಕೇಳಿಸುವುದಿಲ್ಲ ಎಂಬ ಧೈರ್ಯದಿಂದ ಅಪ್ಪ, ಅಮ್ಮ, ಬಂದ ನೆಂಟರು, ಎಲ್ಲರೂ. ಇವಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂದು ಯಾರೋ ಕೇಳಿದ್ದು, ಎಲ್ಲಿಗೆ ಹೋಗ್ತಾಳೆ ಬಿಡಿ ಎಂದು ಅಪ್ಪ ಅಂದದ್ದು, ಅವಳು ಅಲ್ಲೇ ಗೋಡೆಗೆ ಒರಗಿ ಬಟ್ಟೆ ಮಡಿಸುತ್ತಿದ್ದದ್ದು. ರೇಡಿಯೋ ಹಾಕಿದಾಗ, "ನಿನಗೇನು ಕೇಳಿಸುತ್ತೆ, ಜಾಗ ಬಿಡು" ಎಂದು ಅವಳನ್ನು ಎಬ್ಬಿಸಿ ಹತ್ತಿರ ನಾವು ಕೂತದ್ದು.

ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಹದಿನೈದು ವರ್ಷವಿದ್ದಾಗ ಮೂವರು ಗೆಳೆಯರು ಮನೆಗೆ ಬಂದಿದ್ದರು. ಅತ್ತೆ ತಿಂಡಿ ತಂದಿಟ್ಟಳು. ನಾನು ಅವರ ಮುಂದೆ ದೊಡ್ಡಸ್ತಿಕೆಗೆ, "ಇದು ನಮ್ಮನೆಯ ಹಳೇ ಸಾಮಾನು. ಏನು ಬೇಕಾದ್ರೂ ಅನ್ನಿ, ತಿರುಗಲ್ಲ" ಎಂದೆ. ಅವರು ಒಬ್ಬರಾದ ಮೇಲೆ ಒಬ್ಬರು ಅಂದರು. ಬಾಯಿಗೆ ಬಂದದ್ದೆಲ್ಲ ಅಂದರು. ಅವಳು ತಿರುಗಲಿಲ್ಲ. ನಾವು ಬಿದ್ದು ಬಿದ್ದು ನಕ್ಕೆವು. ಮರುದಿನ ಬೆಳಿಗ್ಗೆ ಎಂದಿನಂತೆ ನನ್ನ ಅಂಗಿಯ ಗುಂಡಿ ಹೊಲಿದು ಕುರ್ಚಿಯ ಮೇಲೆ ಇಟ್ಟಿದ್ದಳು.

ಯಾಕೆ? ಕಿವುಡಿಯ ವೇಷ ಯಾಕೆ ಹಾಕಿದಳು? ನಮ್ಮನ್ನು ಪರೀಕ್ಷೆ ಮಾಡಲಿಕ್ಕೋ? ಹಾಗಿದ್ದರೆ ಅವಳ ಮೇಲೆ ನನಗೂ ಕೋಪ ಬರುತ್ತದೆ. ಬರಲಿ ಎಂದು ಕಾಯುತ್ತಿದ್ದೇನೆ, ಬರುತ್ತಿಲ್ಲ.

ಮಾರ್ಚ್ ೨೦, ಗುರುವಾರ

ಅಣ್ಣನ ಮನೆಗೆ ಹೋದೆ. ಅವನು ನನಗಿಂತ ಒಂಬತ್ತು ವರ್ಷ ದೊಡ್ಡವನು. ಅತ್ತಿಗೆ ಒಳಗೆ ಹೋಗುವವರೆಗೆ ಕಾದು ನೇರವಾಗಿ ಕೇಳಿದೆ. "ಅತ್ತೆಗೆ ಕಿವಿ ಕೇಳ್ತಿತ್ತಾ?"

ಪತ್ರಿಕೆ ಮಡಿಸಿಟ್ಟ. ತುಂಬ ಹೊತ್ತು ಅದನ್ನೇ ನೀವುತ್ತ ಕೂತ. "ಯಾರು ಹೇಳಿದ್ರು?" ಎಂದ. ಅಂದರೆ ಅವನಿಗೆ ಗೊತ್ತಿತ್ತು.

ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡುತ್ತೇನೆ.

"ನಿನಗೆ ಹನ್ನೊಂದು ತಿಂಗಳು. ಅಮ್ಮಂಗೆ ಕ್ಷಯ ಅಂತ ಆಸ್ಪತ್ರೆಗೆ ಹಾಕಿದ್ರು. ಮೂರು ವರ್ಷ. ಬದುಕಲ್ಲ ಅಂತಾನೇ ಎಲ್ಲರೂ ಅಂದ್ಕೊಂಡಿದ್ರು. ಅತ್ತೆ ಕಾರ್ಖಾನೆ ಬಿಟ್ಟು ನಿನ್ನನ್ನ ಸಾಕಿದಳು. ನಿನಗೆ ಮಾತು ಬಂದಾಗ ಅವಳನ್ನೇ ಅಮ್ಮ ಅಂದೆ. ಯಾರೂ ತಿದ್ದಲಿಲ್ಲ. ಆಮೇಲೆ ಅಮ್ಮ ವಾಸಿಯಾಗಿ ಬಂದಳು. ಬಾಗಿಲಲ್ಲಿ ನಿಂತು ಕೈ ಚಾಚಿದಳು. ನೀನು ಕಿರುಚಿಕೊಂಡು ಅತ್ತೆ ಹಿಂದೆ ಅವಿತ್ಕೊಂಡೆ. ಅಮ್ಮ ಅಲ್ಲೇ ಕುಸಿದು ಕೂತು ಅತ್ತಳು ನೋಡು, ನಾನು ಆ ಅಳು ಮರೆತಿಲ್ಲ.

"ನಾಲ್ಕು ದಿನಕ್ಕೆ ಅತ್ತೆ ಮತ್ತೆ ಕಾರ್ಖಾನೆಗೆ ಸೇರ್ಕೊಂಡಳು. ವಾರದಲ್ಲಿ, ಯಂತ್ರದ ಸದ್ದಿಗೆ ಕಿವಿ ಮಂದವಾಗ್ತಿದೆ ಅಂದಳು. ತಿಂಗಳಲ್ಲಿ ಪೂರ್ತಿ ಹೋಯ್ತು. ನೀನು ಅಮ್ಮಾ, ಅಮ್ಮಾ ಅಂತ ಅವಳ ಹಿಂದೇನೇ ಕೂಗ್ಕೊಂಡು ತಿರುಗ್ತಿದ್ದೆ. ಒಂದು ದಿನ ಹಿತ್ತಲಲ್ಲಿ ಬಿದ್ದೆ. ಅವಳು ಒಳಗೆ ಪಾತ್ರೆ ತಿಕ್ಕುತ್ತಿದ್ದಳು, ನಾನು ಬಾಗಿಲಲ್ಲಿದ್ದೆ. ನೀನು ಕೂಗಿದಾಗೆಲ್ಲ ಅವಳ ಕೈ ನಿಂತುಬಿಡೋದು. ಆಮೇಲೆ ಮತ್ತೆ ತಿಕ್ಕೋಳು. ಮತ್ತೆ ಕೂಗಿದೆ, ಮತ್ತೆ ನಿಂತಿತು. ಆಗ ನನಗೆ ಗೊತ್ತಾಯ್ತು. ಕೇಳೇಬಿಟ್ಟೆ. ಏನಂದಳು ಗೊತ್ತಾ? 'ನಿಮ್ಮಮ್ಮ ಸಾವಿನ ಬಾಯಿಂದ ಬಂದಿದ್ದಾಳೆ. ಈ ಮನೇಲಿ ಅಮ್ಮ ಅಂದ್ರೆ ಒಬ್ಬಳೇ ತಿರುಗಿ ನೋಡ್ಬೇಕು.' ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿಸ್ಕೊಂಡಳು."

"ಆಮೇಲಾದ್ರೂ?" ಎಂದೆ. "ನಾನು ದೊಡ್ಡವನಾದ ಮೇಲಾದ್ರೂ?"

"ಆಮೇಲೆ ಹೇಗೋ ಹೇಳ್ತಾಳೆ? ಅಷ್ಟೊತ್ತಿಗೆ ನಾವೆಲ್ಲ ಅವಳ ಮುಂದೆ ಏನೇನೋ ಮಾತಾಡಿಬಿಟ್ಟಿದ್ವಲ್ಲ. ಕೇಳಿಸ್ತಿತ್ತು ಅಂದ್ರೆ ನಾವು ಮುಖ ಎಲ್ಲಿ ಇಟ್ಕೋಬೇಕಿತ್ತು?"

ಬಸ್ಸಿನಲ್ಲಿ ಬರುವಾಗ ನನ್ನ ನಿಲ್ದಾಣ ದಾಟಿ ಮೂರು ನಿಲ್ದಾಣ ಮುಂದೆ ಹೋಗಿದ್ದೆ. ಅತ್ತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕಿಟಕಿಯ ಕಡೆಯ ಜಾಗ ಬಿಟ್ಟುಕೊಟ್ಟರು.

ಮಾರ್ಚ್ ೨೨, ಶನಿವಾರ

ಪುಟ್ಟಿ ಫೋನ್ ಎತ್ತುವುದಿಲ್ಲವೆಂದು ಅಂಗಡಿಗೇ ಹೋದೆ. ಬಂದವರನ್ನು ಓಡಿಸುವ ಹಾಗಿಲ್ಲವಲ್ಲ. "ಕಣ್ಣು ತೋರಿಸೋಕೆ ಬಂದ್ರಾ?" ಎಂದಳು. ಹೌದು ಎಂದೆ. ಎತ್ತರದ ಕುರ್ಚಿಯಲ್ಲಿ ಕೂರಿಸಿ ಮೂಗಿನ ಮೇಲೆ ಆ ಭಾರದ ಚೌಕಟ್ಟು ಏರಿಸಿದಳು. ಅವಳು ಗಾಜು ಬದಲಿಸುತ್ತ ಹೋದಳು, ನಾನು ಹೇಳುತ್ತ ಹೋದೆ. ಬಟ್ಟಲು, ಕಿವಿ, ಆಸ್ಪತ್ರೆ, ಹಿತ್ತಲು, ಎಲ್ಲ. ಒಂದೆರಡು ಸಲ ಅವಳ ಕಣ್ಣಲ್ಲೂ ನೀರು ಬಂತು. ನನಗೆ ಸಮಾಧಾನವಾಯಿತು. ಕೊನೆಗೆ, "ಅದಕ್ಕೇ ಆ ಅಡ್ಡಗೆರೆ ತಪ್ಪು ಪುಟ್ಟಿ. ಅವಳು ನನ್ನನ್ನು ಸಾಕಿದ್ದಾಳೆ. ಅವಳ ಕೆಳಗೆ ನಾನಿದ್ದೇನೆ" ಎಂದೆ.

"ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದಳು.

"ಎರಡನೇದು."

"ಚಿಕ್ಕಪ್ಪ, ಅವರು ನಿಮ್ಮನ್ನ ಸಾಕದೇ ಇದ್ದಿದ್ರೆ?"

"ಅಂದ್ರೆ?"

"ಸಾಕದೇ ಇದ್ದಿದ್ರೆ ಗೆರೆ ಸರಿಯಾಗ್ತಿತ್ತಾ? ಸುಮ್ನೆ ಕಪ್ ತಟ್ಕೊಂಡು ಬದುಕಿದ್ರೆ ಅವರು ಮುಚ್ಚಿದ ಕೊಳವೇನಾ? ನಾನು ಯಾರನ್ನೂ ಸಾಕಿಲ್ಲ. ಸಾಕೋ ಯೋಚನೇನೂ ಇಲ್ಲ. ನನಗೆ ಯಾವ ಗೆರೆ ಹಾಕ್ತೀರಿ?"

ಎದುರಿಗೆ ಗೋಡೆಯ ಮೇಲೆ ಅಕ್ಷರಗಳು ಬಹಳ ಸ್ಪಷ್ಟವಾಗಿ ಕಾಣುತ್ತಿದ್ದವು.

"ಕೊನೇ ಸಾಲು ಓದಿ" ಎಂದಳು. ಓದಿದೆ.

ಮಾರ್ಚ್ ೨೪, ಸೋಮವಾರ

ಹಾಳೆಯನ್ನು ನೋಡಲಾಗುತ್ತಿಲ್ಲ. ಸುರುಳಿ ಸುತ್ತಿ ಬೀರುವಿನ ಮೇಲೆ ಹಾಕಿದೆ. ಅರ್ಧ ಗಂಟೆಗೆ ಮತ್ತೆ ಇಳಿಸಿದೆ.

ಮಾರ್ಚ್ ೨೭, ಗುರುವಾರ

ಮತ್ತೆ ಚಪ್ಪಲಿ ಅಂಗಡಿಯ ಮೇಲಿನ ಅಜ್ಜಿಯ ಹತ್ತಿರ ಹೋದೆ. ಈ ಸಲ ಬೇರೆ ಪ್ರಶ್ನೆ. "ಅಜ್ಜೀ, ಅತ್ತೆಗೆ ಏನು ಇಷ್ಟ ಇತ್ತು? ಅವಳಿಗೇ ಅಂತ?"

"ಅದನ್ನ ಯಾರಾದ್ರೂ ಕೇಳ್ತಾರೇನೋ ಅಂತ ಇಷ್ಟು ವರ್ಷ ಕೂತಿದ್ದೆ ನೋಡು" ಎಂದರು. "ಬ್ಯಾಂಡು ಕಣಪ್ಪ! ಗುರುವಾರ ಸಂಜೆ ಪುರಭವನದಲ್ಲಿ ಬ್ಯಾಂಡಿನವರು ಅಭ್ಯಾಸ ಮಾಡ್ತಿದ್ರು. ಹಿಂದಿನ ಬಾಗಿಲು ತೆಗೆದೇ ಇರೋದು. ನಾವಿಬ್ರೂ ಕೆಲಸ ಬಿಟ್ಟವರೇ ಹೋಗಿ ಕೊನೇ ಬೆಂಚಲ್ಲಿ ಕೂತ್ಕೊಳ್ತಿದ್ವಿ. ನನಗೆ ನಿದ್ದೆ ಬರೋದು. ಅವಳು ಕಣ್ಣು ಮಿಟುಕಿಸ್ತಿರ್ಲಿಲ್ಲ. ಒಂದ್ಸಲ ಎದ್ದು ಹೋಗಿ, ಮೂರನೇ ಕಹಳೆಯವನು ಸ್ವಲ್ಪ ಶ್ರುತಿ ಇಳಿಸಿ ಊದ್ತಿದ್ದಾನೆ ಅಂತ ಹೇಳಿಬಂದಳು. ಅವರು ಏನು ನಕ್ಕಿದ್ರು! ಆಮೇಲೆ ನೋಡಿದ್ರೆ ನಿಜ. ಅವತ್ತಿಂದ ಅವಳು ಬರೋ ತನಕ ಶುರು ಮಾಡ್ತಿರ್ಲಿಲ್ಲ."

ಅತ್ತೆ ನಗುತ್ತಿದ್ದಳೇ ಎಂದು ಕೇಳಿದೆ. ಎಂಥ ಪ್ರಶ್ನೆ ಎಂಬಂತೆ ನೋಡಿದರು. ಮೇಸ್ತ್ರಿಯ ನಡಿಗೆಯನ್ನು ಅವಳು ಅಣಕಿಸಿದರೆ ಇಡೀ ಸಾಲು ಕೆಲಸ ಬಿಟ್ಟು ನಗುತ್ತಿತ್ತಂತೆ. ಮದುವೆಗೆ ಒಬ್ಬ ಕೇಳಿದ್ದನಂತೆ, ಅವನ ಮಾತು ಜಾಸ್ತಿ ಎಂದು ಬೇಡ ಅಂದಳಂತೆ. ಅಜ್ಜಿ ಎರಡು ಗಂಟೆ ಹೇಳಿದರು. ನನಗೆ ನಡುವೆ ಒಮ್ಮೆಯೂ ಎದ್ದು ಓಡಾಡಬೇಕು ಅನಿಸಲಿಲ್ಲ.

ಏಪ್ರಿಲ್ ೨, ಬುಧವಾರ

ಹೊಸ ಹಾಳೆ. ಈ ಸಲ ಎಲ್ಲ ಚೌಕಗಳನ್ನೂ ದೊಡ್ಡದಾಗಿ ಹಾಕಿದೆ. ಹೆಸರಿನ ಕೆಳಗೆ ಅವರವರು ಏನು ಮಾಡುತ್ತಿದ್ದರು, ಏನು ಇಷ್ಟವಿತ್ತು ಎಂದು ಎರಡೆರಡು ಸಾಲು. ಎಲ್ಲರಿಗೂ ಫೋನ್ ಮಾಡಿ ಪ್ರಾಣ ತಿಂದೆ. ಅಕ್ಕ, "ನಿನಗೆ ತಲೆ ಕೆಟ್ಟಿದೆ" ಎಂದಳು. ಮುತ್ತಜ್ಜನ ಬಗ್ಗೆ ಏನೂ ಸಿಗಲಿಲ್ಲ, ಖಾಲಿ ಬಿಟ್ಟೆ.

ಅತ್ತೆಯಿಂದ ನನಗೊಂದು ಗೆರೆ ಎಳೆಯಲೋ ಬೇಡವೋ ಎಂದು ಇಡೀ ಬೆಳಿಗ್ಗೆ ಪೆನ್ಸಿಲು ಹಿಡಿದು ಕೂತಿದ್ದೆ. ಎಳೆಯಲಿಲ್ಲ. ಅಮ್ಮನಿಗೆ ಅವಳೇ ಬಿಟ್ಟುಕೊಟ್ಟ ಜಾಗ. ನಾನು ಸ್ಕೇಲು ಹಿಡಿದು ವಾಪಸು ಕೊಡಿಸಲು ಯಾರು? ಅವಳ ಚೌಕದಲ್ಲಿ ಇಷ್ಟೇ ಬರೆದೆ: ಪಿಂಗಾಣಿ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಬಟ್ಟಲು ತಟ್ಟಿ, ಕೇಳಿ, ಬಿರುಕು ಹೇಳಿದಳು. ಗುರುವಾರ ಬ್ಯಾಂಡ್ ಕೇಳುತ್ತಿದ್ದಳು. ಓದಿದವರಿಗೆ ಅರ್ಥವಾಗುತ್ತದೆ. ಕಿವುಡತ್ತೆ ಅನ್ನುತ್ತಿದ್ದವರೆಲ್ಲ ಎರಡು ಸಲ ಓದಲಿ.

ಪುಟ್ಟಿಗೆ ಏನು ಬರೆಯಲಿ ಎಂದು ಕೇಳಿದೆ. ಕೊನೆಗೂ ಫೋನ್ ಎತ್ತಿದ್ದಳು. "ಕಣ್ಣು ನೋಡ್ತಾಳೆ, ಈಜೋದು ಇಷ್ಟ" ಎಂದಳು. ಅವಳು ಈಜುತ್ತಾಳೆ ಎಂದು ನನಗೆ ಇವತ್ತೇ ಗೊತ್ತಾದದ್ದು. ಹನ್ನೆರಡು ವರ್ಷದಿಂದ ದಿನಾ ಬೆಳಿಗ್ಗೆ ಹೋಗುತ್ತಾಳಂತೆ.

ಏಪ್ರಿಲ್ ೬, ಭಾನುವಾರ

ಸುಸ್ತಾಗಿದೆ, ಸಂಕ್ಷೇಪವಾಗಿ ಬರೆಯುತ್ತೇನೆ. ಅಣ್ಣನ ಮನೆಯಿರುವ ಕಟ್ಟಡದ ಕೆಳಗಿನ ಹಾಲ್‌ನಲ್ಲಿ ನಲವತ್ತು ಜನ ಸೇರಿದ್ದರು. ಹಾಳೆಯ ಮುಂದೆ ಗುಂಪು ಕರಗಲೇ ಇಲ್ಲ. ಅತ್ತೆಯ ಚೌಕದ ಮುಂದೆ ಅಕ್ಕ ತುಂಬ ಹೊತ್ತು ನಿಂತಿದ್ದಳು, ಆಮೇಲೆ ಬಂದು ನನ್ನ ಪಕ್ಕ ಕೂತಳು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಊಟದ ಮೇಲೆ ಮಾತು ಅತ್ತಿಗೆಯ ಮಂಡಿಯ ಕಡೆ ತಿರುಗಿತು. ಮುಂದಿನ ತಿಂಗಳು ಶಸ್ತ್ರಚಿಕಿತ್ಸೆ. ಆಮೇಲೆ ಮನೆಯಲ್ಲಿ ಯಾರಾದರೂ ಇರಬೇಕು. ಅಣ್ಣನ ಮಗ, ಸೊಸೆ ಮಕ್ಕಳ ಶಾಲೆ ಎಂದರು. ಅಣ್ಣ ಕಾಲು ಚಾಚಿಕೊಂಡು, "ಅದಕ್ಕೇನು ಯೋಚನೆ? ಪುಟ್ಟಿ ಇದ್ದಾಳಲ್ಲ. ಅವಳಿಗೆ ಹಿಂದಿಲ್ಲ ಮುಂದಿಲ್ಲ. ಆ ಅಂಗಡಿ ಬಿಡಿಸಿ ಇಲ್ಲಿಗೇ ಕರ್ಕೊಂಡ್ಬಂದ್ರಾಯ್ತು. ಅವಳದೂ ಒಂದು ದಾರಿ ಆಗುತ್ತೆ" ಎಂದ. ನಾಲ್ಕೈದು ಜನ ತಲೆಯಾಡಿಸಿದರು. ಪುಟ್ಟಿ ಅವನ ಬೆನ್ನ ಹಿಂದೆ, ಎರಡು ಮಾರು ದೂರದಲ್ಲಿ, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು.

"ಅಣ್ಣ, ಅವಳಿಗೆ ಕೇಳಿಸುತ್ತೆ" ಎಂದೆ.

ಎಲ್ಲರೂ ತಿರುಗಿದರು. ಅಣ್ಣ ನನ್ನನ್ನು ನೋಡಿದ. ಅವನ ಬಾಯಿ ಅರ್ಧ ತೆರೆದೇ ಇತ್ತು. ಉಳಿದವರಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ, ಅವನಿಗೆ ಅರ್ಥವಾಯಿತು. ತಿರುಗಿ ಮಗಳ ಕಡೆ ನೋಡಬೇಕಾಗಿತ್ತು, ನೋಡಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಪುಟ್ಟಿ ಕೈಯಲ್ಲಿದ್ದ ಕುರ್ಚಿಯನ್ನು ಇಳಿಸಿದಳು. "ಕೇಳಿಸ್ತು ಅಪ್ಪ" ಎಂದಳು. "ಅಂಗಡಿ ಬಿಡಲ್ಲ. ಭಾನುವಾರ ಬರ್ತೀನಿ, ಉಳಿದ ದಿನ ಅಣ್ಣನೂ ನೀವೂ ಹಂಚ್ಕೊಳ್ಳಿ." ಸಿಟ್ಟಿರಲಿಲ್ಲ, ಗಿರಾಕಿಗೆ ಗಾಜಿನ ನಂಬರು ಹೇಳುವ ಧ್ವನಿ. ಅವಳ ಅಣ್ಣ ನೆಲ ನೋಡಿದ. ಆಮೇಲೆ ಅವಳು ಆ ಕುರ್ಚಿಯನ್ನು ನನ್ನ ಪಕ್ಕಕ್ಕೆ ತಂದು ಹಾಕಿಕೊಂಡು ಕೂತಳು, ನನ್ನ ಕನ್ನಡಕ ಕಿತ್ತುಕೊಂಡು ಒರೆಸತೊಡಗಿದಳು.

ಮನೆಗೆ ಬರುವಾಗ ಇವಳು, "ಎಲ್ಲರ ಮುಂದೆ ಅಷ್ಟು ಜೋರಾಗಿ ಯಾಕ್ರೀ ಕೂಗಿದ್ರಿ?" ಎಂದಳು. ನಾನು ಮೆಲ್ಲಗೆ ಹೇಳಿದೆ ಅಂದುಕೊಂಡಿದ್ದೆ.